ಪಂಪಿನ ಹಿಡಿಕೆ ಕಿತ್ತಿದ್ದಕ್ಕೇ ಕಾಲರಾ ನಿಂತಿತೇ? ಡಾ. ಜಾನ್ ಸ್ನೋ ನಿಜವಾಗಿ ಮಾಡಿದ್ದೇನು

ನಿಮ್ಮ ಮೊಬೈಲಿಗೂ ಈ ಕಥೆ ಒಮ್ಮೆಯಾದರೂ ಬಂದಿರಬಹುದು. 1854ರಲ್ಲಿ ಲಂಡನ್ನಿನ ಒಂದು ಬಡಾವಣೆಯಲ್ಲಿ ಕಾಲರಾ ಬಂದು ಜನ ನೂರುಗಟ್ಟಲೆ ಸಾಯುತ್ತಿದ್ದರು. ಜಾನ್ ಸ್ನೋ ಎಂಬ ವೈದ್ಯ ಸಾವುಗಳನ್ನೆಲ್ಲ ಒಂದು ನಕ್ಷೆಯ ಮೇಲೆ ಗುರುತು ಹಾಕಿದ. ಗುರುತುಗಳೆಲ್ಲ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಕೈಪಂಪಿನ ಸುತ್ತಲೇ ಇದ್ದವು. ಪಂಪಿನ ಹಿಡಿಕೆ ಕೀಳಿಸಿದ. ಕಾಲರಾ ನಿಂತೇ ಹೋಯಿತು. ಕೊನೆಯಲ್ಲಿ ಕೈಮುಗಿಯುವ ಎಮೋಜಿ, ಹತ್ತು ಜನರಿಗೆ ಕಳಿಸಿ ಎಂಬ ಮನವಿ.

ವ್ಯಕ್ತಿ ನಿಜ, ಬೀದಿ ನಿಜ, ಪಂಪೂ ನಿಜ. ಆದರೆ ಕಥೆ ಹೆಣೆದಿರುವ ರೀತಿಯಲ್ಲಿ ಎರಡು ಎಡವಟ್ಟುಗಳಿವೆ. ಮೊದಲನೆಯದು ಚಿಕ್ಕದು: ಆ ಪ್ರಸಿದ್ಧ ನಕ್ಷೆ ತಯಾರಾದದ್ದು ಹಿಡಿಕೆ ಕಿತ್ತು ಕೆಲವು ತಿಂಗಳಾದ ಮೇಲೆ. ಎರಡನೆಯದು ದೊಡ್ಡದು. ಹಿಡಿಕೆ ತೆಗೆದದ್ದು ಸೆಪ್ಟೆಂಬರ್ 8ರಂದು. ಸ್ನೋ ಅವರೇ ಪ್ರಕಟಿಸಿದ ಲೆಕ್ಕ ನೋಡಿ: ಸೆಪ್ಟೆಂಬರ್ 1ರಂದು ಒಂದೇ ದಿನ 143 ಜನ ಹೊಸದಾಗಿ ಕಾಯಿಲೆ ಬಿದ್ದರು. ಮರುದಿನ 116. 3ನೇ ತಾರೀಕು 54. 6ನೇ ತಾರೀಕು 20. 8ನೇ ತಾರೀಕು 12. ಅಂದರೆ ಹಿಡಿಕೆಗೆ ಯಾರೂ ಕೈ ಹಾಕುವ ಮೊದಲೇ ಕಾಯಿಲೆ ಇಳಿಯುತ್ತಾ ಬಂದಿತ್ತು. ಹೆದರಿದ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟಿದ್ದರು. ಉಳಿದವರೇ ಕಡಿಮೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಫಾರ್ವರ್ಡಿನ ತರ್ಕ ಅದೇ. ಇದು ಆಯಿತು, ಆಮೇಲೆ ಅದು ಆಯಿತು, ಹಾಗಾಗಿ ಇದರಿಂದಲೇ ಅದು ಆಯಿತು. ಕಷಾಯ ಕುಡಿದೆ, ಮೂರು ದಿನದಲ್ಲಿ ನೆಗಡಿ ಹೋಯಿತು ಎಂಬ ಮೆಸೇಜಿನಲ್ಲಿರುವುದೂ ಇದೇ. ನೆಗಡಿ ಹೇಗೂ ಕೆಲವು ದಿನಗಳಲ್ಲಿ ಹೋಗುತ್ತದೆ.

ಸ್ವಾರಸ್ಯ ಏನೆಂದರೆ, ಈ ದೋಷವನ್ನು ಮೊದಲು ಹೇಳಿದವರು ಸ್ನೋ ಅವರೇ. ಹಿಡಿಕೆ ತೆಗೆದದ್ದರಿಂದಲೇ ಕಾಯಿಲೆ ನಿಂತಿತು ಎಂದು ಹೇಳಲು ಬರುವುದಿಲ್ಲ, ಅಷ್ಟರಲ್ಲಾಗಲೇ ಅದು ತಗ್ಗಿತ್ತು ಎಂದು ತಮ್ಮ ಪುಸ್ತಕದಲ್ಲಿ ಬರೆದುಬಿಟ್ಟಿದ್ದಾರೆ. ತಮಗೇ ಅನುಕೂಲವಾಗುವ ಪುರಾವೆಯನ್ನು ಬೇಡ ಎಂದು ಪಕ್ಕಕ್ಕಿಟ್ಟ ಮನುಷ್ಯ. ಹಾಗಾದರೆ ಅವರ ವಾದ ಯಾವುದರ ಮೇಲೆ ನಿಂತಿತ್ತು?

ಗಣಿ ಕಾರ್ಮಿಕರ ಊಟದ ಬುತ್ತಿ

ಜಾನ್ ಸ್ನೋ ಹುಟ್ಟಿದ್ದು 1813ರ ಮಾರ್ಚ್ 15ರಂದು, ಉತ್ತರ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ. ಅಪ್ಪ ಕೂಲಿ ಕೆಲಸದವರು. ಒಂಬತ್ತು ಮಕ್ಕಳಲ್ಲಿ ಜಾನ್ ಹಿರಿಯ. ಹದಿನಾಲ್ಕನೇ ವಯಸ್ಸಿಗೆ ನ್ಯೂಕ್ಯಾಸಲ್ಲಿನ ಒಬ್ಬ ಶಸ್ತ್ರವೈದ್ಯರ ಬಳಿ ಕೆಲಸ ಕಲಿಯಲು ಕಳಿಸಿದರು. ಆಗ ಬಡ ಹುಡುಗರು ವೈದ್ಯರಾಗಲು ಇದ್ದ ದಾರಿ ಅದು, ಗುರುವಿನ ಮನೆಯಲ್ಲಿದ್ದು ಕಲಿಯುವುದು.

1831-32ರಲ್ಲಿ ಇಂಗ್ಲೆಂಡಿಗೆ ಮೊದಲ ಬಾರಿ ಕಾಲರಾ ಬಂತು. 1817ರಲ್ಲಿ ಬಂಗಾಳದಲ್ಲಿ ದೊಡ್ಡದಾಗಿ ಕಾಣಿಸಿಕೊಂಡ ಈ ಪಿಡುಗು ವ್ಯಾಪಾರದ ಹಾದಿ, ಸೈನ್ಯದ ಹಾದಿ, ಹಡಗಿನ ಹಾದಿ ಹಿಡಿದು ಅಲ್ಲಿಗೆ ಮುಟ್ಟಲು ಹದಿನಾಲ್ಕು ವರ್ಷ ಹಿಡಿದಿತ್ತು. ಕಲ್ಲಿದ್ದಲ ಗಣಿಯ ಊರಾದ ಕಿಲ್ಲಿಂಗ್‌ವರ್ತ್‌ನಲ್ಲಿ ರೋಗಿಗಳನ್ನು ನೋಡಿಕೊಳ್ಳಲು ಹೋದವರಲ್ಲಿ ಹದಿನೆಂಟರ ಹರೆಯದ ಸ್ನೋ ಕೂಡ ಇದ್ದರು. ಮದ್ದಿಲ್ಲ, ಮಾಡಲು ಹೆಚ್ಚೇನೂ ಇಲ್ಲ. ಆದರೆ ಕಣ್ಣಿಗೆ ಬಿದ್ದದ್ದು ಮನಸ್ಸಿನಲ್ಲಿ ಉಳಿಯಿತು. ಗಣಿಯೊಳಗೆ ಶೌಚಕ್ಕೆ ಜಾಗವಿಲ್ಲ. ಕಾರ್ಮಿಕರು ಎಂಟು-ಒಂಬತ್ತು ಗಂಟೆ ಅಲ್ಲೇ ಇರಬೇಕು. ಕೈ ತೊಳೆಯಲು ನೀರಿಲ್ಲದೆ, ಅದೇ ಕೈಯಲ್ಲಿ ಕತ್ತಲಲ್ಲೇ ಬುತ್ತಿ ಬಿಚ್ಚಿ ತಿನ್ನುತ್ತಿದ್ದರು. ಬೇರೆ ಕಸುಬಿನವರಿಗಿಂತ ಗಣಿಯವರಿಗೆ ಕಾಲರಾ ಹೆಚ್ಚು ಬಡಿಯಿತು. ಈ ನೆನಪು ಹದಿನೇಳು ವರ್ಷದ ನಂತರ ಅವರ ಬರಹದಲ್ಲಿ ಬರುತ್ತದೆ.

ಆಗಿನ ಕಾಲಕ್ಕೆ ವಿಚಿತ್ರ ಅನ್ನಿಸುವ ಮನುಷ್ಯ. ಹದಿನೇಳಕ್ಕೆ ಮಾಂಸ ಬಿಟ್ಟರು, ಮದ್ಯಪಾನ ವಿರೋಧಿ ಸಂಘ ಸೇರಿದರು, ಕುಡಿಯುವ ನೀರನ್ನು ಶುದ್ಧ ಮಾಡಿಯೇ ಕುಡಿಯುತ್ತಿದ್ದರು. ಮದುವೆ ಆಗಲಿಲ್ಲ. ಮಾತು ಕಡಿಮೆ. 1836ರಲ್ಲಿ ವೈದ್ಯ ಶಿಕ್ಷಣಕ್ಕಾಗಿ ಲಂಡನ್ನಿಗೆ ಹೊರಟವರು ನೂರಾರು ಮೈಲಿ ಸುತ್ತು ದಾರಿಯಲ್ಲಿ ನಡೆದೇ ಹೋದರು. ಸೋಹೊ ಎಂಬ ಬಡಾವಣೆಯಲ್ಲಿ ನೆಲೆಸಿದರು. 1844ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಎಂ.ಡಿ. ಪದವಿ ಬಂತು.

ಹೆಸರು ಬಂದದ್ದು ಕಾಲರಾದಿಂದ ಅಲ್ಲ, ಅರಿವಳಿಕೆಯಿಂದ. 1846ರ ಕೊನೆಗೆ ಈಥರ್ ಸುದ್ದಿ ಅಮೆರಿಕದಿಂದ ಬಂದಾಗ ಬಹಳ ವೈದ್ಯರು ಅಂದಾಜಿನ ಮೇಲೆ ಮೂಸಿಸುತ್ತಿದ್ದರು. ಸ್ನೋ ಯಾವ ಉಷ್ಣತೆಯಲ್ಲಿ ಗಾಳಿಯಲ್ಲಿ ಎಷ್ಟು ಈಥರ್ ಆವಿ ಇರುತ್ತದೆಂದು ಅಳೆದು ಪಟ್ಟಿ ಮಾಡಿದರು, ಆವಿಯ ಪ್ರಮಾಣ ಹಿಡಿತದಲ್ಲಿಡುವ ಉಪಕರಣ ಕಟ್ಟಿದರು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಡಲು ಅರಮನೆಯವರು ಕರೆಸಿದ್ದು ಇವರನ್ನೇ.

ಈ ಭಾಗವನ್ನು ನಾವು ಹಾರಿಸದೆ ಹೇಳಿದ್ದಕ್ಕೆ ಕಾರಣವಿದೆ. ಅನಿಲ ಎಂದರೆ ಏನು, ಅದು ಹೇಗೆ ಹರಡುತ್ತದೆ, ದೂರ ಹೋದಂತೆ ಎಷ್ಟು ತೆಳುವಾಗುತ್ತದೆ ಎಂಬುದು ದಿನನಿತ್ಯ ಕೈಯಲ್ಲಿ ಅಳೆಯುತ್ತಿದ್ದ ಮನುಷ್ಯನಿಗೆ ಗೊತ್ತಿತ್ತು. ಆಗಿನ ವೈದ್ಯಲೋಕ ಕಾಲರಾಗೆ ಕೊಡುತ್ತಿದ್ದ ಕಾರಣವೂ ಒಂದು ಅನಿಲವೇ.

ಎಲ್ಲರೂ ನಂಬಿದ್ದ ವಾಸನೆ

ಕೊಳೆತ ವಸ್ತುಗಳಿಂದ ಏಳುವ ಕೆಟ್ಟ ಗಾಳಿಯೇ ರೋಗಕ್ಕೆ ಕಾರಣ. ಇದಕ್ಕೆ ಮಯಾಸ್ಮಾ ಎಂದು ಹೆಸರು. ಮಲೇರಿಯಾ ಎಂಬ ಪದದ ಅರ್ಥವೂ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ ಎಂದೇ. ಇದನ್ನು ನಂಬಿದವರು ದಡ್ಡರಲ್ಲ. ಆಸ್ಪತ್ರೆ ಕಟ್ಟಿದವರು, ಚರಂಡಿ ಸುಧಾರಣೆಗೆ ಹೋರಾಡಿದವರು, ಸರ್ಕಾರದ ಅಂಕಿಅಂಶ ನೋಡುತ್ತಿದ್ದ ಬುದ್ಧಿವಂತ ವಿಲಿಯಂ ಫಾರ್ ಅಂಥವರು ನಂಬಿದ್ದರು. ಮೇಲಾಗಿ ನೋಡಿದರೆ ಸರಿ ಅನ್ನಿಸುತ್ತಿತ್ತು. ಗಬ್ಬು ನಾರುವ ಕೇರಿಗಳಲ್ಲೇ ಸಾವು ಹೆಚ್ಚು. ಫಾರ್ ಅಂತೂ ಸಾವಿರಾರು ಸಾವುಗಳ ಲೆಕ್ಕ ಹಾಕಿ, ಥೇಮ್ಸ್ ನದಿಯ ಮಟ್ಟಕ್ಕಿಂತ ಮನೆ ಎತ್ತರದಲ್ಲಿದ್ದಷ್ಟೂ ಕಾಲರಾ ಸಾವು ಕಡಿಮೆ ಎಂದು ತೋರಿಸಿದರು. ಕೆಟ್ಟ ಗಾಳಿ ತಗ್ಗಿನಲ್ಲಿ ಮಡುಗಟ್ಟುತ್ತದೆ, ಎತ್ತರದಲ್ಲಿ ತೆಳುವಾಗುತ್ತದೆ, ಲೆಕ್ಕ ತಾಳೆಯಾಯಿತು.

ಅಂಕಿಗಳಲ್ಲಿ ತಪ್ಪಿರಲಿಲ್ಲ. ತಗ್ಗಿನಲ್ಲಿದ್ದವರು ನದಿಯ ಕೊಳಕು ಭಾಗದ ನೀರನ್ನು ಕುಡಿಯುತ್ತಿದ್ದರು ಎಂಬುದು ಆ ಕೋಷ್ಟಕದಲ್ಲಿ ಇರಲಿಲ್ಲ, ಅಷ್ಟೇ. ಎರಡು ಸಂಗತಿ ಜೊತೆಜೊತೆಗೆ ಏರಿಳಿಯುತ್ತಿದ್ದರೆ ಒಂದು ಇನ್ನೊಂದಕ್ಕೆ ಕಾರಣ ಆಗಿರಲೇಬೇಕಿಲ್ಲ, ಇಬ್ಬರ ಹಿಂದೆಯೂ ಮೂರನೆಯದು ನಿಂತಿರಬಹುದು. ಗ್ರಾಫು, ಕೋಷ್ಟಕ ಇರುವ ಫಾರ್ವರ್ಡುಗಳನ್ನು ನಾವು ಬೇಗ ನಂಬುತ್ತೇವೆ. ಫಾರ್ ಅವರ ಕೋಷ್ಟಕ ಇಂದಿನ ಬಹುಪಾಲು ಗ್ರಾಫುಗಳಿಗಿಂತ ಪ್ರಾಮಾಣಿಕವಾಗಿತ್ತು, ಆದರೂ ದಾರಿ ತಪ್ಪಿಸಿತು.

ಗಾಳಿಯ ಸಿದ್ಧಾಂತಕ್ಕೆ ಇನ್ನೂ ಒಂದು ಅನುಕೂಲ ಇತ್ತು, ಅದು ಯಾವಾಗಲೂ ಗೆಲ್ಲುತ್ತಿತ್ತು. ವಾಸನೆ ಇದ್ದು ರೋಗ ಬಂದರೆ ವಾಸನೆ ಕಾರಣ. ವಾಸನೆ ಇದ್ದೂ ರೋಗ ಬಾರದಿದ್ದರೆ ಅಲ್ಲಿಯ ಜನರ ಮೈಕಟ್ಟು ಗಟ್ಟಿ. ವಾಸನೆಯೇ ಇಲ್ಲದ ಕಡೆ ರೋಗ ಬಂದರೆ ಮೂಗಿಗೆ ತಿಳಿಯದಷ್ಟು ಸೂಕ್ಷ್ಮ ಗಾಳಿ. ಏನೇ ಆದರೂ ಸರಿಹೋಗುವ ವಿವರಣೆ ನಿಜಕ್ಕೂ ಏನನ್ನೂ ವಿವರಿಸುವುದಿಲ್ಲ. ಇದರ ಬೆಲೆ ತೆತ್ತವರು ಸಾಮಾನ್ಯ ಜನ: ನಾತ ಹೋಗಲಿ ಎಂದು ಮನೆಗಳ ಮಲಗುಂಡಿಗಳ ಹೊಲಸನ್ನು ಚರಂಡಿಗೆ ತಿರುಗಿಸಿದರು, ಚರಂಡಿ ಥೇಮ್ಸ್ ನದಿಗೆ ಹೋಯಿತು, ಅದೇ ನದಿಯ ನೀರು ನಲ್ಲಿಗಳಿಗೆ ಬಂತು.

1849ರಲ್ಲಿ ಸ್ನೋ ಮೂವತ್ತೊಂದು ಪುಟದ ಒಂದು ಕಿರುಹೊತ್ತಗೆ ತಂದರು. ಅದರ ವಾದ ತೀರಾ ಸರಳ. ಕಾಲರಾ ಮೊದಲು ಬಡಿಯುವುದು ಕರುಳಿಗೆ: ವಾಂತಿ, ಭೇದಿ. ನಮ್ಮಲ್ಲಿ ಅದರ ಹೆಸರೇ ವಾಂತಿಭೇದಿ. ಉಸಿರಲ್ಲಿ ಒಳಹೋಗುವ ವಿಷವಾದರೆ ಮೊದಲು ಶ್ವಾಸಕೋಶಕ್ಕೋ ರಕ್ತಕ್ಕೋ ತಟ್ಟಬೇಕಿತ್ತು. ಕರುಳಿಗೆ ಬರಬೇಕಾದರೆ ಬಾಯಿಂದ ಹೋಗಿರಬೇಕು. ರೋಗ ಮನುಷ್ಯರು ಓಡಾಡುವ ಹಾದಿಯಲ್ಲೇ, ಮನುಷ್ಯರ ವೇಗದಲ್ಲೇ ಸಾಗುತ್ತದೆ, ಗಾಳಿಯ ವೇಗದಲ್ಲಲ್ಲ. ಹಾಗಾಗಿ ರೋಗಿಯ ಮಲದಲ್ಲಿರುವ ಏನೋ ಒಂದು, ದೇಹದೊಳಗೆ ತಾನೇ ವೃದ್ಧಿಯಾಗುವಂಥದ್ದು, ನೀರು-ಕೈಗಳ ಮೂಲಕ ಇನ್ನೊಬ್ಬರ ಬಾಯಿಗೆ ಹೋಗುತ್ತಿದೆ.

ಓದಿದವರು ಒಪ್ಪಲಿಲ್ಲ. ಇಲ್ಲಿ ನಾವು ಸ್ನೋ ಅಭಿಮಾನಿಗಳಂತೆ ಮಾತಾಡಬಾರದು, ಅವರು ಒಪ್ಪದೇ ಇದ್ದದ್ದು ಸರಿಯೇ ಆಗಿತ್ತು. ಅಷ್ಟು ಪುರಾವೆ ಆಗ ಇರಲಿಲ್ಲ. ರೋಗ ಇದ್ದ ಕಡೆ ನೀರೂ ಕೆಟ್ಟಿತ್ತು, ಗಾಳಿಯೂ ಕೆಟ್ಟಿತ್ತು, ಬಡತನವೂ ಇತ್ತು. ಯಾವುದು ಕಾರಣ ಎಂದು ಬಿಡಿಸುವುದು ಹೇಗೆ? ಲಂಡನ್ನಿನ ಒಂದು ವೈದ್ಯಕೀಯ ಪತ್ರಿಕೆ ತನ್ನ ವಿಮರ್ಶೆಯಲ್ಲಿ ಒಂದು ಒಳ್ಳೆಯ ಸವಾಲು ಹಾಕಿತು. ಆ ನೀರನ್ನು ಕಾಲರಾ ಇಲ್ಲವೇ ಇಲ್ಲದ ದೂರದ ಊರಿಗೆ ಒಯ್ಯಬೇಕು, ಕುಡಿದವರಿಗೆ ರೋಗ ಬರಬೇಕು, ಕುಡಿಯದವರು ಪಾರಾಗಬೇಕು, ಆಗ ನಂಬೋಣ ಎಂದಿತು. ಮನುಷ್ಯರ ಮೇಲೆ ಅಂಥ ಪ್ರಯೋಗ ಮಾಡುವುದುಂಟೇ? ಐದು ವರ್ಷದ ಮೇಲೆ ಅದು ತಾನಾಗಿಯೇ ನಡೆದುಹೋಯಿತು. ಅದಕ್ಕೆ ಮುಂದೆ ಬರುತ್ತೇವೆ.

ಒಂದೇ ಬೀದಿ, ಎರಡು ಪೈಪು

ದಕ್ಷಿಣ ಲಂಡನ್ನಿಗೆ ಎರಡು ಖಾಸಗಿ ಕಂಪನಿಗಳು ನೀರು ಕೊಡುತ್ತಿದ್ದವು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ನಗರದ ಹೊಲಸು ಸೇರುವ ಬ್ಯಾಟರ್ಸಿ ಬಳಿ ನದಿ ನೀರೆತ್ತುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ಪಂಪ್‌ಹೌಸನ್ನು ನಗರಕ್ಕಿಂತ ಮೇಲೆ, ಥೇಮ್ಸ್ ಡಿಟನ್ ಎಂಬಲ್ಲಿಗೆ ಸಾಗಿಸಿತು. ಹಲವು ಬಡಾವಣೆಗಳಲ್ಲಿ ಎರಡೂ ಕಂಪನಿಯ ಪೈಪುಗಳು ಒಂದೇ ಬೀದಿಯಲ್ಲಿ ಹಾದುಹೋಗಿದ್ದವು. ಈ ಮನೆಗೆ ಒಂದರ ನೀರು, ಪಕ್ಕದ ಮನೆಗೆ ಇನ್ನೊಂದರದು. ಬಡವ-ಶ್ರೀಮಂತ, ದೊಡ್ಡ ಮನೆ-ಚಿಕ್ಕ ಮನೆ ಎಂಬ ವ್ಯತ್ಯಾಸವಿಲ್ಲ. ಗಾಳಿ ಎಲ್ಲರಿಗೂ ಒಂದೇ. ಬೇರೆ ಇದ್ದದ್ದು ನೀರು ಮಾತ್ರ. ಮೂರು ಲಕ್ಷಕ್ಕೂ ಹೆಚ್ಚು ಜನ, ತಮಗೇ ಗೊತ್ತಿಲ್ಲದೆ, ಎರಡು ಗುಂಪಾಗಿ ಹಂಚಿಹೋಗಿದ್ದರು.

1854ರಲ್ಲಿ ಕಾಲರಾ ಮತ್ತೆ ಬಂದಾಗ ಸ್ನೋ ಇದನ್ನು ಬಿಡಲಿಲ್ಲ. ಸತ್ತವರ ಮನೆ ಮನೆಗೆ ನಡೆದು ಯಾವ ಕಂಪನಿಯ ನೀರು ಎಂದು ಕೇಳಿದರು. ಬಾಡಿಗೆಯವರಿಗೆ ಗೊತ್ತಿರುತ್ತಿರಲಿಲ್ಲ, ನೀರಿನ ಬಿಲ್ಲು ಕಟ್ಟುತ್ತಿದ್ದವನು ಮನೆ ಮಾಲೀಕ. ಆಗ ಸ್ನೋ ಒಂದು ಉಪಾಯ ಕಂಡುಕೊಂಡರು. ಬ್ಯಾಟರ್ಸಿಯ ನೀರಿನಲ್ಲಿ ಉಪ್ಪಿನಂಶ ಲ್ಯಾಂಬೆತ್ ನೀರಿಗಿಂತ ಸುಮಾರು ನಲವತ್ತು ಪಟ್ಟು ಹೆಚ್ಚಿತ್ತು. ಮನೆಯಿಂದ ಒಂದು ಸೀಸೆಯಲ್ಲಿ ನೀರು ತಂದು ಸಿಲ್ವರ್ ನೈಟ್ರೇಟ್ ಹನಿ ಹಾಕಿದರೆ ಕಂಪನಿ ಯಾವುದೆಂದು ಗೊತ್ತಾಗುತ್ತಿತ್ತು.

ಮೊದಲ ಏಳು ವಾರದ ಲೆಕ್ಕ ಹೀಗೆ ಬಂತು. ಸೌತ್‌ವಾರ್ಕ್ ಕಂಪನಿಯ 40,046 ಮನೆಗಳಲ್ಲಿ 1,263 ಸಾವು. ಲ್ಯಾಂಬೆತ್ ಕಂಪನಿಯ 26,107 ಮನೆಗಳಲ್ಲಿ 98. ಪ್ರತಿ 10,000 ಮನೆಗೆ 315 ಒಂದು ಕಡೆ, 37 ಇನ್ನೊಂದು ಕಡೆ. ಎಂಟೂವರೆ ಪಟ್ಟು ವ್ಯತ್ಯಾಸ. ಬರೀ 1,263 ಜನ ಸತ್ತರು ಎಂದಿದ್ದರೆ ಅದು ಸುದ್ದಿ ಮಾತ್ರ, ಎಷ್ಟು ಮನೆಗಳಲ್ಲಿ ಎಂದು ಕೇಳಿದಾಗಲೇ ಅದು ಪುರಾವೆಯಾದದ್ದು. ನಮ್ಮ ಲೆಕ್ಕದಲ್ಲಿ ಸ್ನೋ ಅವರ ನಿಜವಾದ ದೊಡ್ಡ ಕೆಲಸ ಇದು, ಪಂಪಲ್ಲ. ಆದರೆ ಕೋಷ್ಟಕಕ್ಕೆ ಹಿಡಿಕೆ ಇಲ್ಲವಲ್ಲ, ಹಾಗಾಗಿ ಫಾರ್ವರ್ಡುಗಳಲ್ಲಿ ಕಾಣುವುದಿಲ್ಲ.

ಬ್ರಾಡ್ ಸ್ಟ್ರೀಟ್

ಈ ಕೆಲಸ ಅರ್ಧದಲ್ಲಿರುವಾಗಲೇ, ಆಗಸ್ಟ್ 31ರ ರಾತ್ರಿ, ತಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಸೋಹೊದ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಸ್ಫೋಟಿಸಿತು. ಹತ್ತು ದಿನದಲ್ಲಿ 500ಕ್ಕೂ ಹೆಚ್ಚು ಸಾವು, ಒಟ್ಟು 600 ದಾಟಿತು. ಸ್ನೋಗೆ ಮೊದಲ ಅನುಮಾನ ಪಂಪಿನ ಮೇಲೆಯೇ. ಸೆಪ್ಟೆಂಬರ್ 3ರ ಸಂಜೆ ಹೋಗಿ ನೀರು ನೋಡಿದರು. ಅಷ್ಟೇನೂ ಕೊಳಕು ಕಾಣಲಿಲ್ಲ. ಅವರು ತಡೆದರು, ತೀರ್ಮಾನಕ್ಕೆ ಹಾರಲಿಲ್ಲ.

ಸಾವಿನ ನೋಂದಣಿ ಕಚೇರಿಯಿಂದ ಪಟ್ಟಿ ತಂದರು. ಮೂರು ದಿನದಲ್ಲಿ 83 ಸಾವು. ಅದರಲ್ಲಿ 73 ಮನೆಗಳಿಗೆ ಬ್ರಾಡ್ ಸ್ಟ್ರೀಟಿನ ಪಂಪೇ ಹತ್ತಿರ. ಸಾಮಾನ್ಯವಾಗಿ ನಾವಾದರೆ ಇಲ್ಲಿಗೆ ನಿಲ್ಲಿಸಿ ಸಿಕ್ಕಿತು ಅನ್ನುತ್ತೇವೆ. ಸ್ನೋ ಬೇರೆ ಪಂಪಿಗೆ ಹತ್ತಿರವಿದ್ದ ಉಳಿದ ಹತ್ತು ಸಾವುಗಳ ಬೆನ್ನು ಹತ್ತಿದರು. ತಮ್ಮ ಊಹೆ ಸುಳ್ಳಾಗುವುದಿದ್ದರೆ ಅಲ್ಲೇ ಆಗಬೇಕು. ಐದು ಮನೆಯವರು ಹೇಳಿದರು, ನಮಗೆ ಆ ನೀರಿನ ರುಚಿ ಇಷ್ಟ, ದೂರವಾದರೂ ಅಲ್ಲಿಂದಲೇ ತರಿಸುತ್ತಿದ್ದೆವು ಎಂದು. ಇನ್ನು ಮೂವರು ಮಕ್ಕಳು, ಬ್ರಾಡ್ ಸ್ಟ್ರೀಟ್ ಪಂಪಿನ ಹತ್ತಿರದ ಶಾಲೆಗೆ ಹೋಗುತ್ತಿದ್ದವರು. ಹತ್ತಿರದ 73ರಲ್ಲಿ 61 ಜನ ಪಂಪಿನ ನೀರು ಕುಡಿದದ್ದು ಖಚಿತವಾಯಿತು. ಆರು ಜನರ ವಿಷಯ ತಿಳಿಯಲಿಲ್ಲ, ಆರು ಜನ ಕುಡಿದಿರಲಿಲ್ಲವಂತೆ. ಆ ಆರನ್ನೂ ಅವರು ಮುಚ್ಚಿಡದೆ ಬರೆದರು.

ಆಮೇಲೆ ತಿರುಗಿಸಿ ಕೇಳಿದರು: ಪಂಪಿನ ಪಕ್ಕದಲ್ಲೇ ಇದ್ದೂ ಯಾರು ಸಾಯಲಿಲ್ಲ? ಹತ್ತಿರದ ಪೋಲಂಡ್ ಸ್ಟ್ರೀಟಿನಲ್ಲಿ ನಿರ್ಗತಿಕರ ವಸತಿಗೃಹ ಒಂದಿತ್ತು, 535 ಜನ. ಸುತ್ತಮುತ್ತ ಮನೆಗಳಲ್ಲಿ ಹೆಣ ಬೀಳುತ್ತಿದ್ದರೆ ಅಲ್ಲಿ ಸತ್ತವರು ಐದೇ ಜನ. ಕೆಟ್ಟ ಗಾಳಿಯ ಲೆಕ್ಕದಲ್ಲಿ ಮೊದಲು ಸಾಯಬೇಕಾದವರು ಅವರು. ಅವರಿಗೆ ಆವರಣದಲ್ಲೇ ಬೇರೆ ಬಾವಿ ಇತ್ತು. ಬ್ರಾಡ್ ಸ್ಟ್ರೀಟಿನಲ್ಲೇ ಒಂದು ಬಿಯರ್ ಕಾರ್ಖಾನೆ, ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರು, ಒಬ್ಬರೂ ಕಾಲರಾದಿಂದ ಸತ್ತಿಲ್ಲ. ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಕಾರ್ಖಾನೆಗೆ ಸ್ವಂತ ಬಾವಿಯೂ ಇತ್ತು. ಪಂಪಿನ ನೀರು ಮುಟ್ಟುತ್ತಲೇ ಇರಲಿಲ್ಲ. ಬಿಯರ್ ಕುಡಿದರೆ ಕಾಲರಾ ಬರುವುದಿಲ್ಲ ಎಂದು ದಯವಿಟ್ಟು ಮುಂದೆ ಕಳಿಸಬೇಡಿ. ಅದೇ ಬೀದಿಯಲ್ಲಿ ಬಂದೂಕಿನ ಕ್ಯಾಪು ಮಾಡುವ ಕಾರ್ಖಾನೆಯಲ್ಲಿ ಕೆಲಸಗಾರರಿಗೆಂದು ಪಂಪಿನ ನೀರನ್ನು ಎರಡು ತೊಟ್ಟಿಯಲ್ಲಿ ತುಂಬಿಸಿಡುತ್ತಿದ್ದರು. ಅಲ್ಲಿ ಹದಿನೆಂಟು ಜನ ಸತ್ತರು.

ಆ ಕ್ಯಾಪು ಕಾರ್ಖಾನೆಯ ಮಾಲೀಕರ ತಾಯಿ ಒಬ್ಬ ವಿಧವೆ. ಆಕೆ ಬ್ರಾಡ್ ಸ್ಟ್ರೀಟ್ ಬಿಟ್ಟು ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ನೆಲೆಸಿದ್ದರು. ಗುಡ್ಡದ ಮೇಲಿನ ತಂಪು ಜಾಗ, ಅಲ್ಲಿ ಕಾಲರಾ ಇರಲೇ ಇಲ್ಲ. ಆದರೂ ಆಕೆ ಕಾಲರಾದಿಂದ ಸತ್ತರು. ಸ್ನೋ ಮಗನನ್ನು ಹೋಗಿ ಕೇಳಿದರು. ತಾಯಿಗೆ ಹಳೇ ಬೀದಿಯ ನೀರಿನ ರುಚಿಯೇ ಬೇಕಿತ್ತು, ದಿನವೂ ಗಾಡಿಯಲ್ಲಿ ಒಂದು ದೊಡ್ಡ ಸೀಸೆ ನೀರು ಹೋಗುತ್ತಿತ್ತು. ಆಗಸ್ಟ್ 31ರಂದೂ ಹೋಗಿತ್ತು. ಆ ವಾರ ನೋಡಲು ಬಂದಿದ್ದ ಸಂಬಂಧಿ ಹುಡುಗಿಯೂ ಅದೇ ನೀರು ಕುಡಿದು ಇಸ್ಲಿಂಗ್‌ಟನ್‌ನ ತನ್ನ ಮನೆಗೆ ಹೋಗಿ ಸತ್ತಳು. ಅಲ್ಲೂ ಕಾಲರಾ ಇರಲಿಲ್ಲ. ಐದು ವರ್ಷದ ಹಿಂದೆ ವಿಮರ್ಶಕರು ಕೇಳಿದ್ದ ಪ್ರಯೋಗ ಇದೇ: ನೀರು ದೂರಕ್ಕೆ ಹೋಯಿತು, ಗಾಳಿ ಹೋಗಲಿಲ್ಲ, ರೋಗ ನೀರಿನ ಜೊತೆ ಹೋಯಿತು.

ಸೆಪ್ಟೆಂಬರ್ 7ರ ಸಂಜೆ ಸ್ನೋ ಆ ವಾರ್ಡಿನ ಆಡಳಿತ ಮಂಡಳಿಯ ಮುಂದೆ ಈ ವಿವರ ಇಟ್ಟರು. ಮರುದಿನ ಹಿಡಿಕೆ ತೆಗೆದರು.

ಸುಳ್ಳು ಎಂದು ತೋರಿಸಲು ಹೊರಟವರು

ಕಥೆಯ ಇನ್ನೊಬ್ಬ ನಾಯಕ ಫಾರ್ವರ್ಡಿನಲ್ಲಿ ಬರುವುದೇ ಇಲ್ಲ. ಹೆನ್ರಿ ವೈಟ್‌ಹೆಡ್ ಆ ಬಡಾವಣೆಯ ಚರ್ಚಿನ ಕಿರಿಯ ಪಾದ್ರಿ, ವಯಸ್ಸು ಮೂವತ್ತೂ ಆಗಿರಲಿಲ್ಲ. ಮನೆ ಮನೆಯ ಜನ ಅವರಿಗೆ ಗೊತ್ತು, ಸತ್ತವರ ಪಕ್ಕದಲ್ಲಿ ಕೂತವರು. ಪಂಪಿನ ಮಾತು ಕೇಳಿ ಇದು ಸುಳ್ಳು ಅನ್ನಿಸಿತು. ಕಾಯಿಲೆ ಬಿದ್ದ ಮೇಲೆ ಅದೇ ಪಂಪಿನ ನೀರನ್ನು ಧಾರಾಳವಾಗಿ ಕುಡಿದು ಬದುಕಿದವರನ್ನು ಅವರೇ ಕಂಡಿದ್ದರು. ಈಗ ಅದಕ್ಕೆ ಉತ್ತರ ಗೊತ್ತು, ಕಾಲರಾ ಕೊಲ್ಲುವುದು ದೇಹದ ನೀರು-ಉಪ್ಪು ಬರಿದು ಮಾಡಿ, ಅದಕ್ಕೇ ಇಂದು ಓಆರ್‌ಎಸ್ ಕೊಡುತ್ತಾರೆ. ಆಗ ಬಹುತೇಕರಿಗೆ ಗೊತ್ತಿರಲಿಲ್ಲ. ಕಣ್ಣಾರೆ ಕಂಡದ್ದು ತಪ್ಪಾಗುವುದು ಹೇಗೆ ಎಂದು ವೈಟ್‌ಹೆಡ್ ಅಂದುಕೊಂಡರೆ ಆಶ್ಚರ್ಯವಿಲ್ಲ.

ಆದರೆ ಅವರು ಅಂದುಕೊಂಡು ಸುಮ್ಮನಾಗದೆ ಎಣಿಸಲು ಹೊರಟರು. ತಿಂಗಳುಗಟ್ಟಲೆ ಒಂದೊಂದು ಮನೆಗೆ ಹಲವು ಸಲ ಹೋದರು. ಸತ್ತವರ ಬಗ್ಗೆ ಮಾತ್ರ ಅಲ್ಲ, ಬದುಕಿದವರನ್ನೂ ಕೇಳಿದರು, ಆ ನೀರು ಕುಡಿದಿದ್ದಿರಾ ಎಂದು. ಕುಡಿದ 137 ಜನರಲ್ಲಿ 80 ಜನ ಕಾಯಿಲೆ ಬಿದ್ದಿದ್ದರು. ಕುಡಿಯದ 297 ಜನರಲ್ಲಿ 20. ವೈಟ್‌ಹೆಡ್ ಮನಸ್ಸು ಬದಲಾಯಿಸಿದರು. ಒಬ್ಬಿಬ್ಬರ ಅನುಭವ ಮನಸ್ಸಿಗೆ ಎಷ್ಟೇ ನಾಟಿದರೂ ಈ ನಾಲ್ಕು ಅಂಕಿಗಳ ಮುಂದೆ ನಿಲ್ಲಲಿಲ್ಲ.

ಸ್ನೋಗೆ ಸಿಗದೇ ಹೋಗಿದ್ದ ಕೊಂಡಿಯನ್ನೂ ಕಂಡುಹಿಡಿದವರು ಇವರೇ. ಬ್ರಾಡ್ ಸ್ಟ್ರೀಟಿನ 40ನೇ ನಂಬರ್ ಮನೆಯಲ್ಲಿ ಒಬ್ಬ ಪೊಲೀಸ್ ಪೇದೆಯ ಐದು ತಿಂಗಳ ಮಗು ಆಗಸ್ಟ್ ಕೊನೆಯಲ್ಲಿ ಭೇದಿಯಾಗಿ ಸೆಪ್ಟೆಂಬರ್ 2ರಂದು ಸತ್ತಿತ್ತು. ತಾಯಿ ಬಟ್ಟೆ ತೊಳೆದ ನೀರನ್ನು ಮನೆ ಮುಂದಿನ ಮಲಗುಂಡಿಗೆ ಸುರಿದಿದ್ದಳು. ಅಗೆಸಿ ನೋಡಿದಾಗ ಗುಂಡಿಯ ಗೋಡೆ ಕುಸಿದಿತ್ತು, ಪಂಪಿನ ಬಾವಿಗೆ ಇದ್ದ ದೂರ ಮೂರು ಅಡಿಯೂ ಇಲ್ಲ. ಮಗುವಿನ ತಂದೆ ಕಾಯಿಲೆ ಬಿದ್ದದ್ದು ಸೆಪ್ಟೆಂಬರ್ 8ರಂದು, ಹಿಡಿಕೆ ತೆಗೆದ ದಿನವೇ. ಆತನ ಹೊಲಸೂ ಅದೇ ಗುಂಡಿಗೆ ಹೋಗಿದ್ದರೆ, ಹಿಡಿಕೆ ಇದ್ದಿದ್ದರೆ, ಪಿಡುಗು ಎರಡನೇ ಸಲ ಏಳುವ ಸಾಧ್ಯತೆ ಇತ್ತು ಎಂದು ವೈಟ್‌ಹೆಡ್ ಮುಂದೆ ಬರೆದರು. ಅಂದರೆ ಹಿಡಿಕೆ ತೆಗೆದದ್ದು ವ್ಯರ್ಥವಲ್ಲದೇ ಇರಬಹುದು. ಆದರೆ ಫಾರ್ವರ್ಡು ಹೇಳುವ ಕಾರಣಕ್ಕಲ್ಲ.

ಕೊನೆಯ ವರ್ಷಗಳು

1855ರಲ್ಲಿ ಸ್ನೋ ತಮ್ಮ ಹೊತ್ತಗೆಯನ್ನು ದೊಡ್ಡ ಪುಸ್ತಕವಾಗಿ ಹೊರತಂದರು. ನಕ್ಷೆ, ನೀರಿನ ಕಂಪನಿಗಳ ಕೋಷ್ಟಕ, ಹ್ಯಾಂಪ್‌ಸ್ಟೆಡ್ ವಿಧವೆ ಎಲ್ಲ ಅದರಲ್ಲಿವೆ. ಕೈಯಿಂದ 200 ಪೌಂಡಿಗೂ ಹೆಚ್ಚು ಖರ್ಚಾಯಿತು. ಮಾರಾಟದಿಂದ ಬಂದದ್ದು ಮೂರೂವರೆ ಪೌಂಡಿನಷ್ಟು. ಅದೇ ವರ್ಷ ಸರ್ಕಾರದ ಆರೋಗ್ಯ ಮಂಡಳಿಯ ವಿಜ್ಞಾನ ಸಮಿತಿ ಅವರ ವಾದವನ್ನು ತಳ್ಳಿಹಾಕಿತು. ಗಾಳಿಯ ಒತ್ತಡ, ಉಷ್ಣತೆ, ಮಂಜು ಎಲ್ಲವನ್ನೂ ಅಳೆದ ಸಮಿತಿ ಅದು. ರಾಣಿಗೆ ಅರಿವಳಿಕೆ ಕೊಟ್ಟ ವೈದ್ಯ ಎಂಬ ಕೀರ್ತಿ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ ಬಿಡಿ, ಹೆರಿಗೆಯ ನೋವಿಗೂ ನೀರಿಗೂ ಏನು ಸಂಬಂಧ?

ಆ ವರ್ಷವೇ ಇನ್ನೊಂದು ಪ್ರಸಂಗ ನಡೆಯಿತು. ಮೂಳೆ ಬೇಯಿಸುವವರು, ಚರ್ಮ-ಕೊಬ್ಬಿನ ಕೆಲಸದವರು ಮುಂತಾದ ನಾರುವ ಕಸುಬುಗಳನ್ನು ಹತೋಟಿಗೆ ತರುವ ಮಸೂದೆ ಸಂಸತ್ತಿನ ಮುಂದಿತ್ತು. ಸ್ನೋ ಸಮಿತಿಯ ಮುಂದೆ ಹೋಗಿ ಆ ಕಸುಬಿನವರ ಪರ ಸಾಕ್ಷ್ಯ ನುಡಿದರು. ವಾಸನೆಯಿಂದ ಪಿಡುಗು ಬರುವುದಾದರೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚಾಗಿ, ದಿನವಿಡೀ ಅದರ ನಡುವೆ ಇರುವ ಕೆಲಸಗಾರರಿಗೇ ಬರಬೇಕು, ಬರುತ್ತಿಲ್ಲವಲ್ಲ ಎಂಬುದು ಅವರ ಪ್ರಶ್ನೆ. ಹೆಸರಾಂತ ವೈದ್ಯಕೀಯ ಪತ್ರಿಕೆ ಲಾನ್ಸೆಟ್ ಕಟುವಾಗಿ ಮೂದಲಿಸಿತು. ಪ್ರಶ್ನೆಗೆ ಉತ್ತರ ಮಾತ್ರ ಕೊಡಲಿಲ್ಲ.

ಸ್ನೋ ಎಲ್ಲದರಲ್ಲೂ ಸರಿ ಎಂದು ನಾವು ಹೇಳುತ್ತಿಲ್ಲ. 1857ರಲ್ಲಿ ಮಕ್ಕಳ ಕಾಲು ಸೊಟ್ಟಗಾಗುವ ರಿಕೆಟ್ಸ್ ರೋಗಕ್ಕೆ ಬ್ರೆಡ್ಡಿನಲ್ಲಿ ಕಲಬೆರಕೆಯಾಗುವ ಪಟಿಕವೇ ಕಾರಣವೆಂದು ಬರೆದರು. ಮುಖ್ಯ ಕಾರಣ ಬಿಸಿಲಿನಿಂದ ಸಿಗುವ ವಿಟಮಿನ್ ಡಿ ಕೊರತೆ ಎಂದು ಮುಂದೆ ತಿಳಿಯಿತು. ಕಾಲರಾಗೆ ಮಾಡಿದಷ್ಟು ತಿರುಗಾಟವನ್ನು ಬ್ರೆಡ್ಡಿಗೆ ಅವರು ಮಾಡಿರಲಿಲ್ಲ.

1858ರ ಜೂನ್ 10ರಂದು ಕ್ಲೋರೋಫಾರ್ಮ್ ಕುರಿತ ಪುಸ್ತಕ ಬರೆಯುತ್ತಿದ್ದಾಗ ಪಾರ್ಶ್ವವಾಯು ಹೊಡೆಯಿತು. 16ರಂದು ತೀರಿಕೊಂಡರು. ವಯಸ್ಸು 45. ಅದೇ ತಿಂಗಳು ಬೇಸಿಗೆಯ ಬಿಸಿಗೆ ಥೇಮ್ಸ್ ನದಿ ಎಷ್ಟು ನಾರಿತೆಂದರೆ ಸಂಸತ್ತಿನವರು ಕೂರಲಾಗದೆ ಒದ್ದಾಡಿದರು. ಆ ನಾತಕ್ಕೆ ಹೆದರಿಯೇ ನಗರಕ್ಕೆ ಹೊಸ ಒಳಚರಂಡಿ ಕಟ್ಟಲು ಹಣ ಮಂಜೂರಾಯಿತು. ಅಷ್ಟು ನಾತವಿದ್ದರೂ ಆ ವರ್ಷ ಲಂಡನ್ನಿನಲ್ಲಿ ಕಾಲರಾ ಬರಲಿಲ್ಲ. ಬಂದದ್ದು 1866ರಲ್ಲಿ, ಹೊಸ ಒಳಚರಂಡಿ ಇನ್ನೂ ಮುಗಿಯದ ಪೂರ್ವ ಲಂಡನ್ನಿನಲ್ಲಿ, ಒಂದೇ ಕಂಪನಿಯ ಕೊಳಕು ನೀರು ಹೋಗುತ್ತಿದ್ದ ಮನೆಗಳಲ್ಲಿ. ಈ ಬಾರಿ ನೀರಿನತ್ತ ಬೆರಳು ಮಾಡಿದವರು ವಿಲಿಯಂ ಫಾರ್, ಎತ್ತರ-ತಗ್ಗಿನ ಕೋಷ್ಟಕ ಹಾಕಿದ್ದ ಅದೇ ಫಾರ್.

1884ರಲ್ಲಿ ಜರ್ಮನಿಯ ರಾಬರ್ಟ್ ಕೋಖ್ ಕಲ್ಕತ್ತಾಗೆ ಬಂದು ಕಾಲರಾದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ತೋರಿಸಿದರು. ಕಾಲರಾ ಹರಡಿದ್ದ ಕೇರಿಯೊಂದರ ಜನ ಬಳಸುತ್ತಿದ್ದ ಕೆರೆಯ ನೀರಿನಲ್ಲೂ ಅದು ಸಿಕ್ಕಿತು.

ಲಾನ್ಸೆಟ್ 1858ರಲ್ಲಿ ಸ್ನೋ ನಿಧನವನ್ನು ಎರಡು-ಮೂರು ಸಾಲಿನಲ್ಲಿ ಮುಗಿಸಿ, ಕ್ಲೋರೋಫಾರ್ಮ್ ಕೆಲಸವನ್ನಷ್ಟೇ ನೆನೆದಿತ್ತು. ಕಾಲರಾ ಎಂಬ ಪದ ಅದರಲ್ಲಿರಲಿಲ್ಲ. 2013ರಲ್ಲಿ, 155 ವರ್ಷಗಳ ನಂತರ, ಅದೇ ಪತ್ರಿಕೆ ತಿದ್ದುಪಡಿ ಎಂದು ಪೂರ್ತಿ ನಿಧನ ಬರಹವೊಂದನ್ನು ಪ್ರಕಟಿಸಿತು.